ಹೈಟಿಯ ಪಾಠ: ನಾನು ತಪ್ಪಾಗಿ ಕಲಿಸಿದ್ದು



2024ರ ಮಾರ್ಚ್ ಕೊನೆಯಲ್ಲಿ ಹತ್ತಿರದ ಬಂಧುಗಳೊಬ್ಬರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ. ಊಟ ಮುಗಿಸಿ, ಎಲೆಅಡಿಕೆ ಹಾಕಿಕೊಂಡು ಜಗಲಿಯ ಮೇಲೆ ಕುಳಿತಿದ್ದಾಗ ಹೈಟಿ ದೇಶದ ಮಾತು ಬಂದಿತು. ಆಗಷ್ಟೇ ನಮ್ಮ ಸರ್ಕಾರವು 'ಆಪರೇಷನ್ ಇಂದ್ರಾವತಿ' ಎಂಬ ಹೆಸರಿನಲ್ಲಿ ಅಲ್ಲಿದ್ದ ಭಾರತೀಯರನ್ನು ನೆರೆಯ ಡೊಮಿನಿಕನ್ ಗಣರಾಜ್ಯಕ್ಕೆ ಸಾಗಿಸುವ ಕಾರ್ಯವನ್ನು ಕೈಗೊಂಡಿತ್ತು. ಸಶಸ್ತ್ರ ಗ್ಯಾಂಗುಗಳು ರಾಜಧಾನಿ ಪೋರ್ಟ್ ಓ ಪ್ರಿನ್ಸ್‌ನ ಸೆರೆಮನೆಗಳನ್ನು ಒಡೆದು ಸಾವಿರಾರು ಕೈದಿಗಳನ್ನು ಬಿಡಿಸಿದ್ದವು. ವಿದೇಶಕ್ಕೆ ಹೋಗಿದ್ದ ಪ್ರಧಾನಿ ತನ್ನ ದೇಶಕ್ಕೆ ಮರಳಲಾಗದೆ ಹೊರಗೇ ಉಳಿದಿದ್ದರು.

ಆ ಜಗಲಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನೂ ಇದ್ದ. ಹೆಸರು ಬರೆಯುವುದಿಲ್ಲ, ಓದುವಾಗ ಅವನಿಗೇ ತಿಳಿಯುತ್ತದೆ. ಈಗ ದೊಡ್ಡ ಕಂಪನಿಯಲ್ಲಿ ದೊಡ್ಡ ಹುದ್ದೆ. ಅವನೆಂದ: "ಸಾರ್, ಆ ದೇಶದಲ್ಲಿ ಡುವಾಲಿಯರ್ ಅಂತ ಒಬ್ಬ ಸರ್ವಾಧಿಕಾರಿ ಇದ್ದನಂತಲ್ಲ. ಅವನ ಕಾಲದಲ್ಲಿ ಹೀಗೆಲ್ಲ ಇರಲಿಲ್ಲವಂತೆ. ಕ್ರೂರಿಯೇ ಇರಬಹುದು, ಆದರೆ ದೇಶ ಹಿಡಿತದಲ್ಲಿತ್ತು. ಇಂಥ ದೇಶಗಳಿಗೆ ಅಂಥವರೇ ಬೇಕು." ಸುತ್ತಲಿದ್ದವರು ತಲೆದೂಗಿದರು. ನಾನು ಉತ್ತರ ಕೊಡಲು ಬಾಯಿ ತೆರೆದೆ. ಅಷ್ಟರಲ್ಲಿ ಬಸ್ಸಿನ ಹೊತ್ತಾಯಿತೆಂದು ಯಾರೋ ಎಬ್ಬಿಸಿದರು.

ಬಸ್ಸಿನಲ್ಲಿ ಕುಳಿತಾಗ ನೆನಪಾಯಿತು: ಹೈಟಿಯ ಬಗ್ಗೆ ಅವನಿಗೆ ಮೊದಲ ಪಾಠ ಹೇಳಿದವನು ನಾನೇ! ಮತ್ತು ಆ ಪಾಠವೂ ತಪ್ಪಾಗಿತ್ತು.

1986ರ ಫೆಬ್ರವರಿ. ಬಿ.ಎಡ್. ಮುಗಿಸಿ ಪ್ರೌಢಶಾಲೆಯ ಕೆಲಸಕ್ಕೆ ಸೇರಿ ನನಗೆ ಮೂರು ವರ್ಷ ತುಂಬಿತ್ತಷ್ಟೆ. ಹೈಟಿಯ ಸರ್ವಾಧಿಕಾರಿ ಪಲಾಯನ ಮಾಡಿದನೆಂಬ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ, ಒಂಬತ್ತನೆಯ ತರಗತಿಯಲ್ಲಿ ಪ್ರಪಂಚದ ಭೂಪಟ ಬಿಡಿಸಿ, ಕ್ಯೂಬಾದ ಪಕ್ಕದ ಆ ಪುಟ್ಟ ನಾಡನ್ನು ಕೋಲಿನಿಂದ ತೋರಿಸಿ, "ಮಕ್ಕಳೇ, ಇಪ್ಪತ್ತೆಂಟು ವರ್ಷ ಕಾಡಿದ ಪೀಡೆ ತೊಲಗಿತು, ಇನ್ನು ಆ ದೇಶ ಸುಖವಾಗಿರುತ್ತದೆ" ಎಂದು ಘೋಷಿಸಿದ್ದೆ. ಮಕ್ಕಳು ಚಪ್ಪಾಳೆಯನ್ನೂ ತಟ್ಟಿದ್ದರು.

ನಾನು ಹೇಳಿದ್ದು ಸುಳ್ಳಾಯಿತು. ನನ್ನ ವಿದ್ಯಾರ್ಥಿ ಹೇಳಿದ್ದೂ ಸುಳ್ಳೇ. ಎರಡರ ಬೇರು ಒಂದೇ. ಸರ್ವಾಧಿಕಾರಿ ಹೋದರೆ ಎಲ್ಲವೂ ಸರಿಯಾಗುತ್ತದೆ ಎಂದು ನಾನು ನಂಬಿದ್ದೆ. ಅವನು ಇದ್ದಿದ್ದರೆ ಎಲ್ಲವೂ ಸರಿಯಾಗಿರುತ್ತಿತ್ತು ಎಂದು ಇವನು ನಂಬಿದ್ದಾನೆ. ನಮ್ಮಿಬ್ಬರ ಕಣ್ಣೂ ಆ ವ್ಯಕ್ತಿಯ ಮೇಲೆಯೇ ಇತ್ತು. ಅವನು ದೇಶದ ಕಂಬಗಳಿಗೆ ಏನು ಮಾಡಿದ ಎಂಬುದನ್ನು ಇಬ್ಬರೂ ನೋಡಲಿಲ್ಲ. ಮೇಷ್ಟರಾದವರು ತಪ್ಪು ಕಲಿಸಿದರೆ ತಿದ್ದಬೇಕು. ನಿವೃತ್ತಿಯಿಂದ ಆ ಹೊಣೆ ಮುಗಿಯುವುದಿಲ್ಲ. ಆದ್ದರಿಂದ ಈ ಬರಹ.

* * *

ಮೊದಲು ಎದುರು ಪಕ್ಷಕ್ಕೆ ಸಲ್ಲಬೇಕಾದ ನ್ಯಾಯವನ್ನು ಸಲ್ಲಿಸಿಬಿಡುತ್ತೇನೆ.

ಹೈಟಿಯ ಕಷ್ಟಗಳು ಡುವಾಲಿಯರ್‌ನಿಂದ ಆರಂಭವಾದವಲ್ಲ. 1791ರಲ್ಲಿ ಬಂಡೆದ್ದ ಗುಲಾಮರು ನೆಪೋಲಿಯನ್ನನ ಸೈನ್ಯವನ್ನೂ ಸೋಲಿಸಿ 1804ರ ಜನವರಿ 1ರಂದು ಸ್ವಾತಂತ್ರ್ಯ ಘೋಷಿಸಿದರು. ಪ್ರಪಂಚದ ಇತಿಹಾಸದಲ್ಲಿಯೇ ಅದೊಂದು ಅಪೂರ್ವ ಘಟನೆ. ಆದರೆ ಆ ಸಾಹಸಕ್ಕೆ ಅವರು ದಂಡ ತೆರಬೇಕಾಯಿತು. 1825ರಲ್ಲಿ ಫ್ರಾನ್ಸ್ ಯುದ್ಧನೌಕೆಗಳನ್ನು ತಂದು ನಿಲ್ಲಿಸಿ, ಕಳೆದುಕೊಂಡ ತೋಟಗಳಿಗೂ ಗುಲಾಮರಿಗೂ ಪರಿಹಾರವೆಂದು 15 ಕೋಟಿ ಫ್ರಾಂಕುಗಳನ್ನು ಕೇಳಿತು. ಅದು ಮುಂದೆ 9 ಕೋಟಿಗೆ ಇಳಿದರೂ ಆ ಸಾಲದ ಭಾರ ತಲೆಮಾರುಗಳನ್ನು ಹಿಂಡಿತು. ಬಿಡುಗಡೆಯಾದವನೇ ಒಡೆಯನಿಗೆ ತನ್ನ ಬೆಲೆ ಕಟ್ಟಿಕೊಡುವುದೆಂದರೆ ಎಂಥ ವಿಪರ್ಯಾಸ! 1911ರಿಂದ 1915ರೊಳಗೆ ಏಳು ಮಂದಿ ಅಧ್ಯಕ್ಷರು ಕೊಲೆಯಾದರು ಇಲ್ಲವೆ ಪದಚ್ಯುತರಾದರು. ಅನಂತರ 1915ರಿಂದ 1934ರವರೆಗೆ ಅಮೆರಿಕದ ಸೇನೆಯೇ ಅಲ್ಲಿ ಬೀಡುಬಿಟ್ಟಿತ್ತು.

ಡುವಾಲಿಯರ್ ಅಧಿಕಾರಕ್ಕೆ ಬಂದ ಸಂದರ್ಭವೂ ಅಂಥದ್ದೇ. 1956ರ ಡಿಸೆಂಬರಿನಲ್ಲಿ ಅಧ್ಯಕ್ಷ ಮಗ್ಲುವಾರ್ ದೇಶ ಬಿಟ್ಟ ಮೇಲೆ ಹತ್ತು ತಿಂಗಳೊಳಗೆ ತಾತ್ಕಾಲಿಕ ಸರ್ಕಾರಗಳು ಒಂದರ ಹಿಂದೊಂದು ಬಂದು ಹೋದವು. ಡೇನಿಯಲ್ ಫಿನ್ಯೋಲೆ ಎಂಬ ಜನಪ್ರಿಯ ನಾಯಕನ ಆಡಳಿತ ಹತ್ತೊಂಬತ್ತೇ ದಿನ ಬಾಳಿತು! ಬೇಸತ್ತ ಜನ ಒಬ್ಬ ಗಟ್ಟಿ ಮನುಷ್ಯನನ್ನು ಬಯಸಿದ್ದರಲ್ಲಿ ಆಶ್ಚರ್ಯವೇನಿದೆ?

ಆ ಮನುಷ್ಯ ಸಾಮಾನ್ಯನಾಗಿರಲಿಲ್ಲ. 1907ರಲ್ಲಿ ಹುಟ್ಟಿದ ಫ್ರಾನ್ಸ್ವಾ ಡುವಾಲಿಯರ್ ವೈದ್ಯ. ಹಳ್ಳಿಹಳ್ಳಿ ತಿರುಗಿ 'ಯಾಸ್' ಎಂಬ ಚರ್ಮರೋಗಕ್ಕೆ ಪೆನಿಸಿಲಿನ್ ಚುಚ್ಚುಮದ್ದು ಕೊಟ್ಟವನು. ರೈತರು ಪ್ರೀತಿಯಿಂದ 'ಪಾಪಾ ಡಾಕ್', ಅಂದರೆ ಡಾಕ್ಟರಪ್ಪ, ಎಂದು ಕರೆದರು. ಕಪ್ಪು ಬಹುಸಂಖ್ಯಾತರನ್ನು ಬೆರಳೆಣಿಕೆಯ ಮಿಶ್ರವರ್ಣೀಯ ಶ್ರೀಮಂತರು ತುಳಿಯುತ್ತಿದ್ದಾರೆ ಎಂದು ಅವನು ಬರೆದ, ಭಾಷಣ ಮಾಡಿದ. ಅದು ಸುಳ್ಳು ದೂರಾಗಿರಲಿಲ್ಲ. 1957ರ ಸೆಪ್ಟೆಂಬರ್ 22ರ ಚುನಾವಣೆಯಲ್ಲಿ ಸೇನೆಯ ಕೃಪೆಯೂ ಸೇರಿ ಗೆದ್ದ. ಮಿತಭಾಷಿ, ಕನ್ನಡಕಧಾರಿ, ಹಳ್ಳಿಯ ಡಾಕ್ಟರು! ಯಾರಿಗೆ ತಾನೇ ಸಂಶಯ ಬಂದೀತು?

ಇಲ್ಲೊಂದು ಮಾತನ್ನು ನೆನಪಿನಲ್ಲಿಡಿ. ಸರ್ವಾಧಿಕಾರಿ ಕೊಂಬು ಕೋರೆಹಲ್ಲುಗಳೊಡನೆ ಬರುವುದಿಲ್ಲ. ನಿಜವಾದ ನೋವೊಂದನ್ನು ಕೈಯಲ್ಲಿ ಹಿಡಿದೇ ಬರುತ್ತಾನೆ.

* * *

ಇನ್ನು ಅವನು ಮಾಡಿದ್ದೇನೆಂದು ನೋಡೋಣ. ದೇಶವೊಂದು ಅಲುಗದೆ ನಿಲ್ಲಬೇಕಾದರೆ ಕೆಲವು ಕಂಬಗಳು ಬೇಕು: ಕಾನೂನಿಗೆ ಬದ್ಧವಾದ ಸೇನೆ, ನಂಬಿಕೆಗೆ ಅರ್ಹವಾದ ಚುನಾವಣೆ, ತನ್ನ ಮಾತನ್ನು ತಾನಾಡಬಲ್ಲ ಧರ್ಮಸಂಸ್ಥೆ, ವಿದ್ಯಾವಂತರನ್ನು ತಯಾರಿಸುವ ಶಾಲೆ ಕಾಲೇಜು, ಲೆಕ್ಕ ಬರೆದಿಡುವ ಖಜಾನೆ. ಹೈಟಿಯಲ್ಲಿ ಇವು ಬಡಕಲಾಗಿದ್ದವು, ನಿಜ. ಆದರೆ ಇದ್ದವು. ಡುವಾಲಿಯರ್ ಒಂದೊಂದನ್ನೂ ಹುಡುಕಿ ಹುಡುಕಿ ಟೊಳ್ಳು ಮಾಡಿದ.

ಮೊದಲು ಸೇನೆ. ಹಿಂದಿನವರನ್ನೆಲ್ಲ ಇಳಿಸಿದ್ದೇ ಸೇನೆ ಎಂಬುದು ಅವನಿಗೆ ಗೊತ್ತಿತ್ತು. ತನ್ನನ್ನು ಗದ್ದುಗೆಗೇರಿಸಿದ ಜನರಲ್ ಕೆಬ್ರೋನನ್ನೇ 1958ರಲ್ಲಿ ಹೊರಗಟ್ಟಿದ. ಸೇನಾ ಅಕಾಡೆಮಿಯನ್ನು ಮುಚ್ಚಿಸಿದ. ಶಸ್ತ್ರಾಸ್ತ್ರಗಳನ್ನು ಅರಮನೆಯ ನೆಲಮಾಳಿಗೆಗೆ ಸಾಗಿಸಿದ. 1967ರ ಜೂನ್ ತಿಂಗಳಿನಲ್ಲಿ 19 ಮಂದಿ ಅಧಿಕಾರಿಗಳನ್ನು ಫೋರ್ಟ್ ಡಿಮಾಂಚ್ ಸೆರೆಮನೆಯಲ್ಲಿ ಗುಂಡಿಟ್ಟು ಕೊಲ್ಲಿಸಿದ. ಗುಂಡು ಹಾರಿಸಬೇಕಾದವರು ಅವರ ಸಹೋದ್ಯೋಗಿಗಳೇ.

ಸೇನೆಯ ಜಾಗದಲ್ಲಿ ಬಂದದ್ದು ಅವನದೇ ಪಡೆ. ಜನ ಇಟ್ಟ ಹೆಸರು 'ಟೋಂಟೋನ್ ಮಕೂಟ್'. ಹೈಟಿಯ ಅಜ್ಜಿಕಥೆಗಳಲ್ಲಿ ತುಂಟ ಮಕ್ಕಳನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಹೋಗುವ ಒಬ್ಬ ಮಾಮ ಇದ್ದಾನೆ, ನಮ್ಮ ಗುಮ್ಮನ ಹಾಗೆ. ಅವನ ಹೆಸರನ್ನೇ ಜನ ಈ ಪಡೆಗೆ ಕೊಟ್ಟರು. ಕಪ್ಪು ಕನ್ನಡಕ, ಸೊಂಟದಲ್ಲಿ ಬಂದೂಕು. 1962ರಲ್ಲಿ 'ರಾಷ್ಟ್ರೀಯ ಭದ್ರತಾ ಸ್ವಯಂಸೇವಕರು' ಎಂಬ ಸರ್ಕಾರಿ ಹೆಸರೂ ಅದಕ್ಕೆ ಬಂತು. ಸಂಖ್ಯೆಯಲ್ಲಿ ಅದು ಸೇನೆಯನ್ನೂ ಮೀರಿಸಿತು. ಗಮನಿಸಬೇಕಾದದ್ದು ಇಷ್ಟು: ಅವರಲ್ಲಿ ಬಹುಪಾಲು ಜನರಿಗೆ ಸಂಬಳವಿರಲಿಲ್ಲ! ಹಾಗಾದರೆ ಹೊಟ್ಟೆಪಾಡು? ಅಂಗಡಿಯವನಿಂದ ಸುಲಿಗೆ, ರೈತನ ಭೂಮಿಯ ಕಬಳಿಕೆ, ನೆರೆಯವನ ಮೇಲೆ ಚಾಡಿ. ಬೇಲಿಯೇ ಎದ್ದು ಹೊಲ ಮೇಯುವುದನ್ನು ಗಾದೆಯಲ್ಲಿ ಕೇಳಿದ್ದೇವೆ. ಅಲ್ಲಿ ಅದು ಆಡಳಿತ ಪದ್ಧತಿಯೇ ಆಯಿತು. ಬಂದೂಕು ಹಿಡಿದವನು ಕಾನೂನಿಗೆ ಉತ್ತರ ಕೊಡಬೇಕಿಲ್ಲ, ಒಬ್ಬ ಯಜಮಾನನಿಗೆ ನಿಷ್ಠನಾಗಿದ್ದರೆ ಸಾಕು ಎಂಬ ಪಾಠವನ್ನು ಇಡೀ ದೇಶ ಇಪ್ಪತ್ತೆಂಟು ವರ್ಷ ಕಲಿಯಿತು.

ಎರಡನೆಯದು ಚುನಾವಣೆ. 1957ರ ಸಂವಿಧಾನದಂತೆ ಅವನ ಅವಧಿ ಆರು ವರ್ಷ. 1961ರಲ್ಲಿ ಶಾಸನಸಭೆಗೆ ಚುನಾವಣೆ ಎಂದು ಸಾರಿ, ಮತಪತ್ರಗಳ ಮೇಲೆ ತನ್ನ ಹೆಸರನ್ನೂ ಅಚ್ಚು ಹಾಕಿಸಿ, ಆಮೇಲೆ ತಾನೇ ಇನ್ನೊಂದು ಅವಧಿಗೆ ಆಯ್ಕೆಯಾದೆನೆಂದು ಘೋಷಿಸಿಕೊಂಡ. ಸರ್ಕಾರಿ ಲೆಕ್ಕದ ಪ್ರಕಾರ ಅವನ ಪರವಾಗಿ 13 ಲಕ್ಷ 20 ಸಾವಿರಕ್ಕೂ ಹೆಚ್ಚು ಮತ, ವಿರುದ್ಧವಾಗಿ ಸೊನ್ನೆ! ನಲವತ್ತು ಮಕ್ಕಳ ತರಗತಿಯಲ್ಲಿ ಮಾನಿಟರ್ ಆಯ್ಕೆಗೂ ಒಂದೆರಡು ಕೈಗಳು ವಿರುದ್ಧವಾಗಿ ಏಳುವುದನ್ನು ನಾನು ಕಂಡಿದ್ದೇನೆ. 1964ರಲ್ಲಿ ಆಜೀವ ಅಧ್ಯಕ್ಷನಾದ. 1971ರಲ್ಲಿ ಸಾಯುವ ಮುನ್ನ, ಅಧ್ಯಕ್ಷನಿಗೆ ನಲವತ್ತು ವರ್ಷ ಆಗಿರಬೇಕೆಂಬ ನಿಯಮವನ್ನು ಸಡಿಲಿಸಿ, ಹತ್ತೊಂಬತ್ತರ ಹರೆಯದ ಮಗ ಜಾನ್ ಕ್ಲೋಡ್‌ಗೆ ದೇಶವನ್ನು ಉಯಿಲು ಬರೆದಂತೆ ಬಿಟ್ಟುಹೋದ. ಒಂದು ತಲೆಮಾರಿನ ಜನ ನಿಜವಾದ ಮತಪತ್ರವನ್ನು ಕಣ್ಣಿನಿಂದ ನೋಡದೆಯೇ ಬೆಳೆದರು.

ಮೂರನೆಯದು ಧರ್ಮಸಂಸ್ಥೆ. 1960ರಲ್ಲಿ ಆರ್ಚ್‌ಬಿಷಪ್ಪರನ್ನು ದೇಶದಿಂದ ಹೊರಹಾಕಿದ. ಅದಕ್ಕಾಗಿ ಮರುವರ್ಷ ಚರ್ಚು ಅವನನ್ನು ಬಹಿಷ್ಕರಿಸಿತು. 1964ರಲ್ಲಿ ಜೆಸ್ಯೂಟರನ್ನು ಓಡಿಸಿದ. ಕಡೆಗೆ 1966ರಲ್ಲಿ ವ್ಯಾಟಿಕನ್ನೇ ರಾಜಿಯಾಗಿ, ಬಿಷಪ್ಪರ ನೇಮಕದಲ್ಲಿ ಅವನ ಮಾತನ್ನು ಒಪ್ಪಿಕೊಂಡಿತು. ಸ್ಥಳೀಯರೇ ಬಿಷಪ್ಪರಾದದ್ದು ಒಳ್ಳೆಯದೇ. ಆದರೆ ಅವರನ್ನು ಆರಿಸಿದ ಕೈ ಯಾವುದೆಂಬುದು ಮುಖ್ಯ.

ನಾಲ್ಕನೆಯದು ನಮ್ಮದು: ಶಾಲೆ. ಇದನ್ನು ಬರೆಯುವಾಗ ನನ್ನ ಕೈ ನಿಧಾನವಾಗುತ್ತದೆ. 1960ರ ನವೆಂಬರಿನಲ್ಲಿ ವಿದ್ಯಾರ್ಥಿಗಳು ಮುಷ್ಕರ ಹೂಡಿದರು. ಉತ್ತರವಾಗಿ ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯವನ್ನು ನೇರವಾಗಿ ಸರ್ಕಾರದ ಮುಷ್ಟಿಗೆ ತೆಗೆದುಕೊಂಡ. ಪ್ರವೇಶ ಬಯಸುವ ವಿದ್ಯಾರ್ಥಿ ತಾನು ಕಮ್ಯುನಿಸ್ಟ್ ಗುಂಪಿಗೆ ಸೇರಿದವನಲ್ಲವೆಂದು ಪೊಲೀಸರಿಂದ ಪತ್ರ ತರಬೇಕಾಯಿತು. ಕ್ರೈಸ್ತ ಪ್ರಾರ್ಥನೆಯ ಮಾದರಿಯಲ್ಲಿಯೇ ಅಧ್ಯಕ್ಷನನ್ನು ಸ್ತುತಿಸುವ ಪ್ರಶ್ನೋತ್ತರ ಪುಸ್ತಿಕೆಯೊಂದು 1964ರಲ್ಲಿ ಅಚ್ಚಾಯಿತು. ಅದೇ ವರ್ಷ ನವೆಂಬರ್ 12ರಂದು, ಅವನ ವಿರುದ್ಧ ಹೋರಾಡಲು ಬಂದು ಸಿಕ್ಕಿಬಿದ್ದಿದ್ದ ಮಾರ್ಸೆಲ್ ನುಮಾ ಮತ್ತು ಲೂಯಿ ದ್ರುವಾಂ ಎಂಬ ಇಬ್ಬರು ಯುವಕರನ್ನು ರಾಜಧಾನಿಯ ಸ್ಮಶಾನದ ಗೋಡೆಯ ಬಳಿ ಕಂಬಕ್ಕೆ ಕಟ್ಟಿ ಗುಂಡಿಟ್ಟು ಕೊಂದರು. ಅದನ್ನು ನೋಡಲು ಶಾಲಾಮಕ್ಕಳನ್ನು ಕರೆತರಲಾಗಿತ್ತು.

ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳನ್ನು ಸಾಲಾಗಿ ನಿಲ್ಲಿಸಿದವನು ನಾನು. ಪ್ರಾರ್ಥನೆಗೆ, ಧ್ವಜಾರೋಹಣಕ್ಕೆ, ಪ್ರವಾಸದ ಬಸ್ಸು ಹತ್ತುವುದಕ್ಕೆ. ಆ ದಿನ ಅಲ್ಲಿಯೂ ಯಾರೋ ಮೇಷ್ಟರು ಮಕ್ಕಳನ್ನು ಸಾಲು ಮಾಡಿ ಕರೆದೊಯ್ದಿರಬೇಕಲ್ಲ. ಹಿಂತಿರುಗಿದ ಮೇಲೆ ಯಾವ ಪಾಠ ಹೇಳಿರಬಹುದು?

ಹೇಳಲಾರದವರು ದೇಶ ಬಿಟ್ಟರು. ಶಿಕ್ಷಕರು, ವೈದ್ಯರು, ಎಂಜಿನಿಯರುಗಳು, ವಕೀಲರು ಗುಂಪುಗುಂಪಾಗಿ ಮಾಂಟ್ರಿಯಲ್‌ಗೆ, ನ್ಯೂಯಾರ್ಕಿಗೆ, ಆಗಷ್ಟೇ ಸ್ವತಂತ್ರವಾಗಿದ್ದ ಕಾಂಗೋಗೆ ಹೋದರು. ಬೆಲ್ಜಿಯನ್ನರು ಬಿಟ್ಟುಹೋದ ಕಾಂಗೋದ ಶಾಲೆಗಳಲ್ಲಿ ಪಾಠ ಹೇಳಿದವರಲ್ಲಿ ಹೈಟಿಯ ಮೇಷ್ಟರುಗಳು ಬಹಳ. ಇಂದು ವಿಶ್ವಖ್ಯಾತರಾಗಿರುವ ಚಿತ್ರನಿರ್ದೇಶಕ ರಾವುಲ್ ಪೆಕ್ ಬಾಲ್ಯದಲ್ಲಿಯೇ ಹೈಟಿ ಬಿಟ್ಟು ಕಾಂಗೋದಲ್ಲಿ ಬೆಳೆದದ್ದು ಇದೇ ಕಾರಣದಿಂದ. ಬಡ ದೇಶವೊಂದು ತನ್ನ ಹಸಿದ ಹೊಟ್ಟೆಯಿಂದ ಉಳಿಸಿ ಓದಿಸಿದ ಮಕ್ಕಳು! ಕಟ್ಟಡ ಬಿದ್ದರೆ ಐದು ವರ್ಷದಲ್ಲಿ ಕಟ್ಟಬಹುದು. ಓದಿದ ಒಂದು ತಲೆಮಾರು ಹೋದರೆ ಮುಂದಿನ ತಲೆಮಾರಿಗೆ ಕಲಿಸುವವರೇ ಇಲ್ಲ.

ಐದನೆಯದು ಖಜಾನೆ. ತಂಬಾಕಿನ ಸರ್ಕಾರಿ ಏಕಸ್ವಾಮ್ಯದ ಹಣ ಆಯವ್ಯಯ ಪತ್ರಕ್ಕೆ ಬರುತ್ತಲೇ ಇರಲಿಲ್ಲ. ಅದು ಅರಮನೆಯ ಗುಪ್ತ ಪೆಟ್ಟಿಗೆಗೆ. 'ರಾಷ್ಟ್ರೀಯ ನವೀಕರಣ'ದ ಹೆಸರಿನಲ್ಲಿ ವ್ಯಾಪಾರಿಗಳಿಂದ ಬಲವಂತದ ವಂತಿಗೆ ಎತ್ತಿ, ಕಬಾರೆ ಎಂಬ ಊರನ್ನು 'ಡುವಾಲಿಯರ್‌ವಿಲ್' ಎಂಬ ಆದರ್ಶ ನಗರವಾಗಿಸಲು ಹೊರಟ. ಅದು ಅರ್ಧಂಬರ್ಧ ಕಾಂಕ್ರೀಟಾಗಿ ನಿಂತಿತು. ಊರಿಗೆ ಮತ್ತೆ ಹಳೆಯ ಹೆಸರೇ ಬಂತು. ಮಗನ ಕಾಲದಲ್ಲಿ ಲೂಟಿ ಇನ್ನೂ ನಿರ್ಲಜ್ಜವಾಯಿತು. 1980ರಲ್ಲಿ ಅವನ ಮದುವೆಗೆ ಇಪ್ಪತ್ತು ಮೂವತ್ತು ಲಕ್ಷ ಡಾಲರ್ ಖರ್ಚಾಯಿತೆಂದು ಅಂದಾಜು. ಆಮೇಲಿನ ಎರಡು ಮೂರು ವರ್ಷಗಳಲ್ಲಿ ಹಂದಿಜ್ವರದ ಭಯದಿಂದ, ಅಮೆರಿಕದ ಹಣದಲ್ಲಿ, ರೈತರ ನಾಡಹಂದಿಗಳನ್ನೆಲ್ಲ ಕೊಲ್ಲಿಸಲಾಯಿತು. ಆ ಹಂದಿಯೇ ಅಲ್ಲಿನ ರೈತನ ಉಳಿತಾಯ ಖಾತೆ. ಮಕ್ಕಳ ಶಾಲೆಯ ಫೀಜಿಗೆ, ಮದುವೆಗೆ, ಸಾವಿಗೆ ಅದನ್ನೇ ಮಾರುತ್ತಿದ್ದರು. ಬದಲಿಗೆ ಬಂದ ವಿದೇಶಿ ಹಂದಿಗಳು ರೈತನಿಗಿಂತ ಚೆನ್ನಾದ ಮನೆಯನ್ನೂ ಮೇವನ್ನೂ ಬೇಡುತ್ತಿದ್ದವು.

ತಂದೆ ಮಗ ಇಬ್ಬರ ಆಳ್ವಿಕೆಯಲ್ಲಿ ಸತ್ತವರ ಸಂಖ್ಯೆಯನ್ನು 30 ಸಾವಿರದಿಂದ 60 ಸಾವಿರದವರೆಗೆ ಅಂದಾಜು ಮಾಡುತ್ತಾರೆ. ಲೆಕ್ಕ ಬರೆದಿಡುವ ಪದ್ಧತಿಯೇ ಸತ್ತುಹೋದ ನಾಡಿನಲ್ಲಿ ಹೆಣಗಳಿಗೆ ಮಾತ್ರ ನಿಖರ ಲೆಕ್ಕ ಎಲ್ಲಿಂದ ಬಂದೀತು?

* * *

"ಆದರೂ ಹಿಡಿತದಲ್ಲಿತ್ತಲ್ಲ ಸಾರ್?" ಎಂದು ನನ್ನ ವಿದ್ಯಾರ್ಥಿ ಕೇಳಿಯಾನು. ಇರಲಿಲ್ಲ ಮಾರಾಯಾ! 1958ರ ಜುಲೈನಲ್ಲಿ ಎಂಟೇ ಜನ ಬಂದು ರಾಜಧಾನಿಯ ಸೇನಾ ಬ್ಯಾರಕ್ಕನ್ನು ಹಿಡಿದಿದ್ದರು. 1963ರ ಏಪ್ರಿಲ್ 26ರಂದು ಅಧ್ಯಕ್ಷನ ಮಕ್ಕಳ ಕಾರಿನ ಮೇಲೆ ಶಾಲೆಯ ಮುಂದೆಯೇ ಗುಂಡು ಹಾರಿತು. ಡುವಾಲಿಯರ್ ಒಬ್ಬ ಗುರಿಕಾರ ಅಧಿಕಾರಿಯನ್ನು ಶಂಕಿಸಿ ಅವನ ಮನೆಮಂದಿಯನ್ನೆಲ್ಲ ಕೊಲ್ಲಿಸಿದ. ಆ ಅಧಿಕಾರಿ ನಿರಪರಾಧಿ. ಕೃತ್ಯದ ಹಿಂದಿದ್ದವನು ಡುವಾಲಿಯರನೇ ಬೆಳೆಸಿದ ಮಕೂಟ್ ಪಡೆಯ ಮೊದಲ ಮುಖ್ಯಸ್ಥ ಬಾರ್ಬೊ! 1970ರಲ್ಲಿ ಕರಾವಳಿ ಕಾವಲು ಪಡೆಯ ಹಡಗುಗಳು ಅರಮನೆಯ ಕಡೆಗೇ ಫಿರಂಗಿ ಹಾರಿಸಿದವು. ಇದನ್ನೇ ಏನು ಸ್ಥಿರತೆ ಎನ್ನುವುದು? ಹೊರಗಿನವರಿಗೆ ಗದ್ದಲ ಕೇಳಿಸಲಿಲ್ಲ, ಅಷ್ಟೆ. ಪತ್ರಿಕೆಯ ಬಾಯಿ ಕಟ್ಟಿತ್ತು. ಕ್ಯೂಬಾದ ಕಮ್ಯುನಿಸಂ ಇತ್ತ ಹಬ್ಬದಿರಲಿ ಎಂದು ಅಮೆರಿಕವೂ, ನಡುನಡುವೆ ಮುನಿಸಿಕೊಂಡರೂ, ಕಣ್ಣುಮುಚ್ಚಿಕೊಂಡಿತ್ತು.

ಇನ್ನೊಬ್ಬರು ಕೇಳಬಹುದು: "ಪಕ್ಕದ ಡೊಮಿನಿಕನ್ ಗಣರಾಜ್ಯದಲ್ಲಿ ಟ್ರುಹಿಯೋ ಎಂಬ ಸರ್ವಾಧಿಕಾರಿ ಮೂವತ್ತು ವರ್ಷ ಆಳಿದ. ಆ ದೇಶ ಇಂದು ನೆಟ್ಟಗಿದೆಯಲ್ಲ?" ಒಳ್ಳೆಯ ಪ್ರಶ್ನೆ. ಟ್ರುಹಿಯೋ 1961ರಲ್ಲಿ ಕೊಲೆಯಾದ. ಮುಂದೆ ಚುನಾವಣೆಯಲ್ಲಿ ಗೆದ್ದ ಹ್ವಾನ್ ಬೋಶ್‌ರನ್ನು 1963ರಲ್ಲಿ ಏಳೇ ತಿಂಗಳಲ್ಲಿ ಸೇನೆ ಇಳಿಸಿತು. 1965ರಲ್ಲಿ ಅಂತರ್ಯುದ್ಧ, ಇಪ್ಪತ್ತು ಸಾವಿರಕ್ಕೂ ಹೆಚ್ಚು ಅಮೆರಿಕನ್ ಸೈನಿಕರು ಬಂದಿಳಿದರು. ಆಡಳಿತ ಪಕ್ಷ ಸೋತು ವಿರೋಧ ಪಕ್ಷಕ್ಕೆ ಅಧಿಕಾರ ಶಾಂತಿಯಿಂದ ಹಸ್ತಾಂತರವಾದದ್ದು 1978ರಲ್ಲಿ. ಆ ದೇಶ ನೆಟ್ಟಗಾದದ್ದು ಸರ್ವಾಧಿಕಾರಿಯಿಂದಲ್ಲ; ಅವನು ಹೋದ ಮೇಲೆ ಹದಿನೇಳು ವರ್ಷ ಒದ್ದಾಡಿ ಮತ ಎಣಿಸುವುದನ್ನು ಕಲಿತದ್ದರಿಂದ.

* * *

ಈಗ ನನ್ನ ತಪ್ಪಿಗೆ ಬರುತ್ತೇನೆ. 1985ರ ನವೆಂಬರ್ 28ರಂದು, 1804ರ ಸ್ವಾತಂತ್ರ್ಯ ಘೋಷಣೆಯಾದ ಗೊನಾಯಿವ್ ನಗರದಲ್ಲಿಯೇ, ಮೂವರು ಶಾಲಾ ಹುಡುಗರು ಗುಂಡಿಗೆ ಬಲಿಯಾದರು. ದೇಶವೇ ಹೊತ್ತಿಕೊಂಡಿತು. 1986ರ ಫೆಬ್ರವರಿ 7ರಂದು ಮಗ ಡುವಾಲಿಯರ್ ಅಮೆರಿಕದ ವಾಯುಪಡೆಯ ವಿಮಾನದಲ್ಲಿ ಫ್ರಾನ್ಸಿಗೆ ಹಾರಿದ. ನಾನು ಭೂಪಟ ಬಿಡಿಸಿ ಸಂಭ್ರಮಿಸಿದೆ.

ಆಮೇಲೆ? ಜನ ಎದ್ದು ಮಕೂಟರನ್ನು ಬೀದಿಯಲ್ಲಿ ಹಿಡಿದು ಕೊಂದರು. ನ್ಯಾಯಾಲಯವೆಂಬುದು ಇದ್ದಿದ್ದರೆ ಅಲ್ಲಿಗೆ ಕರೆದೊಯ್ಯುತ್ತಿದ್ದರೇನೋ. ಉಳಿದ ಮಕೂಟರಲ್ಲಿ ಹೆಚ್ಚಿನವರು ಯಾವ ವಿಚಾರಣೆಯನ್ನೂ ಕಾಣದೆ ಬಂದೂಕುಗಳೊಡನೆ ಕರಗಿಹೋದರು. 1987ರ ಮಾರ್ಚ್‌ನಲ್ಲಿ ಜನ ಹೊಸ ಸಂವಿಧಾನವನ್ನು ಉತ್ಸಾಹದಿಂದ ಒಪ್ಪಿದರು. ನವೆಂಬರ್ 29ರಂದು ಮತದಾನ. ರಾಜಧಾನಿಯ ವೈಯಾಂ ಓಣಿಯ ಶಾಲೆಯೊಂದು ಮತಗಟ್ಟೆ. ಸಾಲಿನಲ್ಲಿ ನಿಂತಿದ್ದ ಮತದಾರರನ್ನು ಬಂದೂಕುಧಾರಿಗಳು ನುಗ್ಗಿ ಕೊಂದರು. ಸೇನೆ ತಡೆಯಲಿಲ್ಲ. ಕೆಲವೇ ಗಂಟೆಗಳಲ್ಲಿ ಚುನಾವಣೆ ರದ್ದಾಯಿತು. ಸ್ಮಶಾನಕ್ಕೆ ಶಾಲಾಮಕ್ಕಳನ್ನು ಕರೆದೊಯ್ದ ಆಡಳಿತದ ನೆರಳು, ಆಳುವವನು ಹೋದ ಮೇಲೂ, ಶಾಲೆಯ ಅಂಗಳಕ್ಕೇ ಬಂದಿತ್ತು.

1986ರಿಂದ 1991ರೊಳಗೆ ನಮ್ಫಿ, ಮನಿಗಾ, ಮತ್ತೆ ನಮ್ಫಿ, ಅವ್ರಿಲ್, ಪಾಸ್ಕಲ್ ತ್ರೂಯೋ ಹೀಗೆ ಆಳುವವರು ಬದಲಾಗುತ್ತಲೇ ಇದ್ದರು. 1990ರ ಡಿಸೆಂಬರಿನಲ್ಲಿ ಪಾದ್ರಿ ಆರಿಸ್ಟೀಡ್ ನಿಜವಾದ ಬಹುಮತದಿಂದ ಗೆದ್ದರು. ಅಧಿಕಾರ ಸ್ವೀಕರಿಸುವ ಮೊದಲೇ, 1991ರ ಜನವರಿಯಲ್ಲಿ, ಹಳೆಯ ಮಕೂಟ್ ನಾಯಕ ಲಾಫೋಂತಾಂ ಕ್ಷಿಪ್ರಕ್ರಾಂತಿಗೆ ಯತ್ನಿಸಿದ. ಸೆಪ್ಟೆಂಬರಿನಲ್ಲಿ ಸೇನೆಯೇ ಅವರನ್ನು ಓಡಿಸಿತು. 1994ರಲ್ಲಿ ಅಮೆರಿಕದ ಬೆಂಬಲದಿಂದ ಮರಳಿದ ಆರಿಸ್ಟೀಡ್ 1995ರಲ್ಲಿ ಸೇನೆಯನ್ನೇ ವಿಸರ್ಜಿಸಿದರು. ಮುಂದೆ ಅವರ ಬೆಂಬಲಿಗರೂ, ವಿರೋಧಿಗಳೂ, ವ್ಯಾಪಾರಿಗಳೂ ಕೊಳೆಗೇರಿಯ ಹುಡುಗರ ಕೈಗೆ ಬಂದೂಕು ಕೊಟ್ಟು ತಮ್ಮ ಕೆಲಸ ಸಾಧಿಸತೊಡಗಿದರು. ಈ ವಿದ್ಯೆಯನ್ನು ಕಲಿಸಿದ ಗುರು ಯಾರು? 2010ರ ಜನವರಿ 12ರ ಭೂಕಂಪ, ಆ ಬಳಿಕ ವಿಶ್ವಸಂಸ್ಥೆಯ ಪಡೆಯಿಂದಲೇ ಬಂದ ಕಾಲರಾ, 2021ರ ಜುಲೈ 7ರಂದು ಅಧ್ಯಕ್ಷ ಮೊಯಿಸ್ ಅವರ ಕೊಲೆ ಇವೆಲ್ಲ ಒಂದರ ಮೇಲೊಂದು ಬಿದ್ದ ಪೆಟ್ಟುಗಳು. ಕಂಬವಿರುವ ಮನೆ ಪೆಟ್ಟು ತಿಂದು ನಿಲ್ಲುತ್ತದೆ. ಟೊಳ್ಳಾದ ಮನೆ? 2024ರೊಂದೇ ವರ್ಷದಲ್ಲಿ ಗ್ಯಾಂಗುಗಳ ಹಿಂಸೆಯಿಂದ 5,600ಕ್ಕೂ ಹೆಚ್ಚು ಜನ ಸತ್ತರೆಂದು ವಿಶ್ವಸಂಸ್ಥೆ ಲೆಕ್ಕ ಹಾಕಿತು. ಮನೆಮಠ ಬಿಟ್ಟವರು ಹತ್ತು ಲಕ್ಷ ದಾಟಿದರು.

ಎಲ್ಲವನ್ನೂ ಡುವಾಲಿಯರನ ತಲೆಗೆ ಕಟ್ಟುತ್ತಿಲ್ಲ. ಫ್ರಾನ್ಸಿನ ಪಾಲಿದೆ, ಅಮೆರಿಕದ ಪಾಲಿದೆ, ಅನಂತರ ಬಂದ ನಾಯಕರ ಸ್ವಾರ್ಥದ ಪಾಲೂ ಇದೆ. ಇಂದಿನ ಗ್ಯಾಂಗುಗಳ ಹುಡುಗರು ಹುಟ್ಟುವ ಮೊದಲೇ ಡುವಾಲಿಯರ್ ಮನೆತನ ಹೋಗಿತ್ತು. ನಾನು ಹೇಳುವುದಿಷ್ಟೇ: ಮನೆಯ ತೊಲೆಗಳನ್ನು ಗೆದ್ದಲು ತಿನ್ನುತ್ತಿರುವಾಗಲೂ ಮನೆ ನಿಶ್ಶಬ್ದವಾಗಿಯೇ ಇರುತ್ತದೆ. ಮುಂದೊಂದು ಮಳೆಗಾಲ ಸೂರು ಕುಸಿದರೆ, "ಗೆದ್ದಲಿದ್ದಾಗಲೇ ಚೆನ್ನಾಗಿತ್ತು, ಮನೆ ನಿಂತಿತ್ತು" ಎಂದು ಯಾರಾದರೂ ಅನ್ನುತ್ತಾರೆಯೇ? ನೀನು ಆ ಜಗಲಿಯಲ್ಲಿ ಅಂದದ್ದು ಅದನ್ನೇ, ಮಗು.

ಅಂದ ಹಾಗೆ, ಮಗ ಡುವಾಲಿಯರ್ 2011ರ ಜನವರಿಯಲ್ಲಿ ಹೈಟಿಗೆ ಮರಳಿ ಬಂದ. ಅವನನ್ನು ಸ್ವಾಗತಿಸಲು ವಿಮಾನ ನಿಲ್ದಾಣಕ್ಕೆ ಹೋದವರೂ ಇದ್ದರು. ಮೊಕದ್ದಮೆ ಮುಗಿಯುವ ಮುನ್ನ, 2014ರ ಅಕ್ಟೋಬರ್ 4ರಂದು ಸಹಜ ಮರಣ ಹೊಂದಿದ. ನಿನ್ನಂತೆ ಮಾತಾಡುವವರು ಅಲ್ಲಿಯೂ ಇದ್ದಾರೆ. ಪಾಠ ಹೇಳುವ ಒಂದು ತಲೆಮಾರಿನ ಮೇಷ್ಟರನ್ನು ಕಳೆದುಕೊಂಡ ನಾಡಿಗೆ ಮರೆವು ಬಂದರೆ ಅಚ್ಚರಿಯಿಲ್ಲ. ನಿನಗೆ ಮೇಷ್ಟರುಗಳ ಕೊರತೆಯಿರಲಿಲ್ಲ. ಇದ್ದೆವು, ಅರ್ಧ ಪಾಠ ಹೇಳಿ ಗಂಟೆ ಬಾರಿಸಿದ ಕೂಡಲೇ ಎದ್ದುಹೋದೆವು. ಅದು ನಮ್ಮ ತಪ್ಪು.

ಆ ಒಂಬತ್ತನೆಯ ತರಗತಿಯವರು ಯಾರಾದರೂ ಇದನ್ನು ಓದುತ್ತಿದ್ದರೆ, ನಾನು 1986ರಲ್ಲಿ ಬರೆಸಿದ ವಾಕ್ಯವನ್ನು ಹೊಡೆದುಹಾಕಿ ಹೀಗೆ ಬರೆದುಕೊಳ್ಳಿ: ಒಬ್ಬ ಆಳುವವನನ್ನು ಅಳೆಯಬೇಕಾದದ್ದು ಅವನಿದ್ದಾಗ ಊರು ಎಷ್ಟು ಸುಮ್ಮನಿತ್ತು ಎಂಬುದರಿಂದಲ್ಲ, ಅವನು ಹೋದ ಮರುದಿನ ಶಾಲೆ, ನ್ಯಾಯಾಲಯ, ಮತಗಟ್ಟೆಗಳು ಬಾಗಿಲು ತೆರೆದವೇ ಎಂಬುದರಿಂದ.

ಜಗಲಿಯ ಚರ್ಚೆ ಅರ್ಧಕ್ಕೇ ನಿಂತಿದೆ. ಒಪ್ಪದಿದ್ದರೆ ಬರೆ, ಇಲ್ಲವೆ ಮನೆಗೇ ಬಾ. ಮಧ್ಯಾಹ್ನ ಮೂರರ ಮೇಲೆ ನಾನು ಮನೆಯಲ್ಲಿಯೇ ಇರುತ್ತೇನೆ. ಈ ಸಲ ಬಸ್ಸಿನ ಅವಸರವಿಲ್ಲ.